ಬೇಕಲದ ಕೋಟೆಯೂ ಶಿಸ್ತಿನ ಶಿವಪ್ಪನಾಯಕನೂ

ಕಾಸರಗೋಡಿನಿಂದ ತೆಂಕಣಕ್ಕೆ ೧೬ ಕಿಲೋಮೀಟರುಗಳಷ್ಟು ದೂರದಲ್ಲಿ, ಪಡುವಣ ಸಮುದ್ರದೊಳಕ್ಕೆ ಮೂಗಿನಂತೆ ಚಾಚಿಕೊಂಡಿರುವ ದಿಣ್ಣೆಯೊಂದರ ಮೇಲೆ ಬೇಕಲದ ಕೋಟೆಯು ನಿಂತಿರುವುದು. ಅದರ ವಿಸ್ತಾರವು ಸುಮಾರು ೪೦ ಎಕರೆ. ಮುರಕಲ್ಲಿನ ಕಪ್ಪಾದ ಗೋಡೆಗಳ ಬುಡವನ್ನು ತೆರೆಗಳು ಹಗಲಿರುಳೂ ತೊಳೆಯುತ್ತಿರುತ್ತವೆ. ಕೋಟೆಯ ಸುತ್ತಳತೆಯ ಮುಕ್ಕಾಲು ಪಾಲಿಗೆ ನೀರೇ ಕಾವಲು. ಉಳಿದ ಪಾಲಿಗೆ ಮನುಷ್ಯರು ತೋಡಿದ ಕಂದಕವು ಕಾವಲು. ಇಂದು ಕೇರಳದಲ್ಲಿರುವ ಕೋಟೆಗಳಲ್ಲೆಲ್ಲ ಇದೇ ದೊಡ್ಡದೆಂದು ಪ್ರಸಿದ್ಧವಾಗಿದೆ. ಆದರೆ ಈ ಕಡಲಕೋಟೆಯ ಕೀರ್ತಿಯು ಸಲ್ಲುವುದು ಕಡಲತೀರದ ಅರಸನಿಗಲ್ಲ. ಘಟ್ಟದ ಮೇಲೆ, ಮಳೆಯೂ ಬಿದಿರೂ ದಟ್ಟವಾದ ಬಿದನೂರಿನಲ್ಲಿ ಸಿಂಹಾಸನವನ್ನಿಟ್ಟುಕೊಂಡಿದ್ದ ಕೆಳದಿಯ ಶಿವಪ್ಪನಾಯಕನಿಗೆ. ಮಲೆನಾಡಿನ ವೀರಶೈವ ಅರಸನೊಬ್ಬನು ತನ್ನ ರಾಜಧಾನಿಯಿಂದ ಅಷ್ಟು ದೂರದಲ್ಲಿ, ತುಳುನಾಡಿನ ಎಲ್ಲೆಯನ್ನೂ ದಾಟಿ, ಮಲೆಯಾಳದ ನೆಲದಲ್ಲಿ ಸಮುದ್ರಕ್ಕೆ ಎದುರಾಗಿ ಇಂತಹ ಕೋಟೆಯನ್ನು ಏತಕ್ಕೆ ಕಟ್ಟಿಸಿದನು? ಅದಕ್ಕೆ ಬೇಕಾದ ಧನವನ್ನು ಯಾರಿಂದ, ಯಾವ ರೀತಿಯಿಂದ ಪಡೆದನು? ಈ ಎರಡು ಪ್ರಶ್ನೆಗಳ ಬೆನ್ನುಹತ್ತಿ ನಡೆದರೆ ಆತನ ಜೀವನಚರಿತ್ರೆಯ ಸಾರವು ತಾನಾಗಿಯೇ ಕೈಗೆ ಸಿಕ್ಕುವುದು.

ಕೆಳದಿಯ ಮನೆತನವು ಒಕ್ಕಲುತನದಿಂದ ಮೇಲೆ ಬಂದ ಮನೆತನ. ಹುತ್ತವೊಂದರ ಮೇಲೆ ಹಸುವು ತಾನಾಗಿ ಹಾಲುಗರೆಯುತ್ತಿದ್ದುದನ್ನು ಕಂಡು ಅಗೆಯಿಸಲು ಲಿಂಗವು ದೊರೆಯಿತೆಂದೂ, ಆ ರಾಮೇಶ್ವರನ ಕೃಪೆಯಿಂದ ಚೌಡಪ್ಪ ಭದ್ರಪ್ಪರೆಂಬ ಅಣ್ಣತಮ್ಮಂದಿರು ನಾಡೊಡೆಯರಾದರೆಂದೂ ಐತಿಹ್ಯವು ಹೇಳುತ್ತದೆ. ಇದು ಸುಮಾರು ಕ್ರಿ.ಶ. ೧೫೦೦ರ ಮಾತು. ಅವರ ವಂಶಜರು ವಿಜಯನಗರದ ರಾಯರ ಸೇವೆಯಲ್ಲಿ ಬೆಳೆದರು; ಸದಾಶಿವನಾಯಕನ ಪರಾಕ್ರಮದಿಂದ ಕೋಟೆಕೋಲಾಹಲನೆಂಬ ಬಿರುದು ಮನೆತನಕ್ಕೆ ಬಂದಿತು. ವಿಜಯನಗರವು ಕುಂದಿದ ಮೇಲೆ ಹಿರಿಯ ವೆಂಕಟಪ್ಪನಾಯಕನು ೧೫೮೬ರಿಂದ ೧೬೨೯ರವರೆಗೆ ಸ್ವತಂತ್ರನಂತೆಯೇ ಆಳಿದನು. ಗೇರುಸೊಪ್ಪೆಯು ಆತನ ಕೈಸೇರಿತು; ಉಳ್ಳಾಲದ ರಾಣಿಯು ಪೋರ್ಚುಗೀಸರ ವಿರುದ್ಧ ಆತನ ನೆರವನ್ನು ಪಡೆದಳು. ೧೬೨೩ರಲ್ಲಿ ಗೋವೆಯ ರಾಯಭಾರಿಯೊಡನೆ ಇಕ್ಕೇರಿಗೆ ಬಂದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯು ಈ ಅರಸನು ಲಿಂಗಧಾರಿಯೆಂಬುದನ್ನು ಕಂಡು ಬರೆದಿಟ್ಟಿದ್ದಾನೆ.

ಶಿವಪ್ಪನಾಯಕನು ಇದೇ ಮನೆತನದ ಸಿದ್ಧಪ್ಪನಾಯಕನ ಮಗನು. ಪಟ್ಟವೇರಿದ್ದ ವೀರಭದ್ರನಾಯಕನಿಗೆ ಸಂಬಂಧದಲ್ಲಿ ಚಿಕ್ಕಪ್ಪನಾಗಬೇಕು. ವೀರಭದ್ರನಾಯಕನ ಆಳಿಕೆಯು ಕಷ್ಟಗಳ ಸರಮಾಲೆ. ೧೬೩೭ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ದಂಡೆತ್ತಿ ಬಂದು ಇಕ್ಕೇರಿಯನ್ನು ಹಿಡಿದು ಸೂರೆಮಾಡಿದನು. ಅಘೋರೇಶ್ವರನ ಸನ್ನಿಧಿಯ ಆ ಬಯಲಿನ ರಾಜಧಾನಿಯು ಶತ್ರುವಿನ ಕುದುರೆಗಳನ್ನು ತಡೆಯಲಾರದೆ ಹೋಯಿತು. ಆಗ ಅರಸನೂ ಪರಿವಾರವೂ ಬಿದಿರುಹಳ್ಳಿ ಎಂಬ ಹೆಸರಿನ ಕಾಡುಗ್ರಾಮವನ್ನು ಆಶ್ರಯಿಸಬೇಕಾಯಿತು. ಅದೇ ಬಿದನೂರು, ಸಂಸ್ಕೃತ ಬಲ್ಲವರ ಬಾಯಲ್ಲಿ ವೇಣುಪುರ. ರಾಜಧಾನಿಯೊಂದು ಕಣ್ಣೆದುರಿನಲ್ಲಿಯೇ ಬೀಳುವುದನ್ನು ಕಂಡವನಿಗೆ ಗೋಡೆಯ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮುಂದೆ ಶಿವಪ್ಪನಾಯಕನು ಕಟ್ಟಿಸಿದ ಮತ್ತು ಬಲಪಡಿಸಿದ ಕೋಟೆಗಳ ಹಿಂದೆ ಇಕ್ಕೇರಿಯ ಆ ಸೋಲಿನ ನೆನಪು ಇದ್ದಿರಲೇಬೇಕು. ತೀರ್ಥಹಳ್ಳಿಯ ಬಳಿಯ ಕವಲೇದುರ್ಗವು ಆತನ ಕಾಲದಲ್ಲಿಯೇ ಅಭೇದ್ಯವಾಯಿತು.

ವೀರಭದ್ರನಾಯಕನಿಗೆ ಸಂತಾನವಿರಲಿಲ್ಲ. ೧೬೪೫ರಲ್ಲಿ ರಾಜ್ಯಭಾರವು ಶಿವಪ್ಪನಾಯಕನ ಕೈಗೆ ಬಂದಿತು. ಅಷ್ಟರಲ್ಲಿ ಆತನು ದಂಡಿನ ಭಾರವನ್ನೂ ಆಳಿಕೆಯ ಭಾರವನ್ನೂ ಹೊತ್ತು ಪಳಗಿದ ಪ್ರೌಢನಾಗಿದ್ದನು. ಆತನಿಗೆ ದೊರೆತದ್ದು ಕೇವಲ ೧೫ ವರ್ಷಗಳ ಅವಧಿ. ಮನೆತನದ ಎಲ್ಲ ಅರಸರಲ್ಲಿ ಜನರು ಇಂದಿಗೂ ಹೆಸರು ಹಿಡಿದು ಹೇಳುವುದು ಆತನನ್ನೂ, ಆತನ ಸೊಸೆಯಾದ ಚೆನ್ನಮ್ಮಾಜಿಯನ್ನೂ ಮಾತ್ರ ಎಂಬುದನ್ನು ನೆನೆದರೆ ಆ ಹದಿನೈದು ವರ್ಷಗಳು ವ್ಯರ್ಥವಾಗಲಿಲ್ಲವೆಂಬುದು ಸ್ಪಷ್ಟ.

ಘಟ್ಟದ ಮೇಲಿನ ರಾಜ್ಯಕ್ಕೆ ಕರಾವಳಿಯು ಏತಕ್ಕೆ ಬೇಕೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಯಬೇಕು. ಮಲೆನಾಡಿನಲ್ಲಿ ಮೆಣಸು, ಅಡಕೆ, ಏಲಕ್ಕಿಗಳು ಬೆಳೆಯುತ್ತವೆ. ಘಟ್ಟದ ಕೆಳಗೆ ಅಕ್ಕಿಯು ಸಮೃದ್ಧಿಯಾಗಿ ಬೆಳೆಯುತ್ತದೆ. ಕನ್ನಡ ಕರಾವಳಿಯ ಅಕ್ಕಿಯು ಗೋವೆಗೂ, ಅರಬರ ಮಸ್ಕತ್ತಿಗೂ ಹಡಗುಗಳಲ್ಲಿ ಹೋಗುತ್ತಿತ್ತು. ಬಿದನೂರಿನಿಂದ ಹೊಸಂಗಡಿಯ ಘಾಟಿಯನ್ನಿಳಿದರೆ ಬಸರೂರಿನ ಕಡೆಯ ಬಂದರುಗಳು ಸಿಗುತ್ತವೆ. ಎತ್ತಿನ ಹೇರುಗಳು ಇಳಿದು ಹೋಗಬೇಕು, ಹೊನ್ನು ಏರಿ ಬರಬೇಕು. ಇದೇ ಆ ರಾಜ್ಯದ ಉಸಿರಾಟ. ಆದರೆ ಆ ಉಸಿರಿನ ದ್ವಾರದಲ್ಲಿ ಪೋರ್ಚುಗೀಸರು ಕುಳಿತಿದ್ದರು. ೧೫೬೮-೬೯ರಲ್ಲಿ ಅವರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ನೆಲೆಯೂರಿ ಕೋಟೆ ಕಟ್ಟಿದ್ದರು. ಆಮೇಲೆ ಗಂಗೊಳ್ಳಿಯಲ್ಲಿಯೂ ಒಂದು ಕೋಟೆಯಾಯಿತು. ಅವರ ರಹದಾರಿ ಪತ್ರವಿಲ್ಲದ ನಾವೆಯು ಸಮುದ್ರದಲ್ಲಿ ಸುರಕ್ಷಿತವಲ್ಲ. ತನ್ನ ನಾಡಿನಲ್ಲಿ ಬೆಳೆದ ಅಕ್ಕಿಯನ್ನು ತನ್ನ ನಾಡಿನ ಬಂದರಿನಿಂದ ಸಾಗಿಸಲು ಪರದೇಶದವರ ಚೀಟಿಯನ್ನು ಬೇಡಬೇಕಾದ ಸ್ಥಿತಿಯನ್ನು ಸ್ವಾಭಿಮಾನಿಯಾದ ಅರಸನು ಎಷ್ಟು ದಿನ ಸಹಿಸಿಯಾನು?

ಶಿವಪ್ಪನಾಯಕನು ಕೋಪದಿಂದ ಕುರುಡಾಗಿ ನುಗ್ಗಲಿಲ್ಲ, ಕಾಲವನ್ನು ಕಾದನು. ಪೋರ್ಚುಗೀಸರ ಬಲವು ಆಗ ಎಲ್ಲೆಡೆಯೂ ಇಳಿಮುಖವಾಗಿತ್ತು. ಡಚ್ಚರು ೧೬೪೧ರಲ್ಲಿ ಮಲಕ್ಕವನ್ನು ಕಿತ್ತುಕೊಂಡಿದ್ದರು. ೧೬೫೦ರಲ್ಲಿ ಒಮಾನಿನ ಅರಬರು ಮಸ್ಕತ್ತಿನಿಂದ ಅವರನ್ನು ಹೊರದೂಡಿದ್ದರು. ಸಿಂಹಳದಲ್ಲಿ ಯುದ್ಧವು ನಡೆದೇ ಇತ್ತು. ಗೋವೆಯಿಂದ ಕರಾವಳಿಯ ಕೋಟೆಗಳಿಗೆ ನೆರವು ಬರುವುದು ದುರ್ಲಭವಾಗಿದ್ದ ಆ ವೇಳೆಯಲ್ಲಿ ಕೆಳದಿಯ ದಂಡು ಘಟ್ಟವನ್ನಿಳಿಯಿತು. ೧೬೫೨ರಿಂದ ೧೬೫೪ರವರೆಗಿನ ಅವಧಿಯಲ್ಲಿ ಬಸರೂರು, ಗಂಗೊಳ್ಳಿ, ಮಂಗಳೂರು, ಕಡೆಗೆ ಹೊನ್ನಾವರ ಹೀಗೆ ಎಲ್ಲ ಕೋಟೆಗಳೂ ನಾಯಕನ ವಶವಾದವು. ಸುಮಾರು ೮೫ ವರ್ಷಗಳ ಕಾಲ ಕನ್ನಡ ಕರಾವಳಿಯನ್ನು ಹಿಡಿದಿದ್ದ ಆ ಹಿಡಿತವು ಸಡಿಲಿತು. ಮುಂದೆ ಸೋಮಶೇಖರನಾಯಕನ ಮತ್ತು ಚೆನ್ನಮ್ಮಾಜಿಯ ಕಾಲದಲ್ಲಿ ಪೋರ್ಚುಗೀಸರು ಮತ್ತೆ ವ್ಯಾಪಾರಕ್ಕೆ ಬಂದುದು ನಿಜ. ಆದರೆ ಆಗ ಅವರು ಒಡಂಬಡಿಕೆ ಬೇಡಿ ಬಂದ ವರ್ತಕರು, ಕೋಟೆಯೊಳಗಿನ ಒಡೆಯರಲ್ಲ. ಈ ವ್ಯತ್ಯಾಸವನ್ನು ಉಂಟುಮಾಡಿದವನು ಶಿವಪ್ಪನಾಯಕನು. ಇದರೊಡನೆ ಇನ್ನೊಂದು ಮಾತನ್ನೂ ಹೇಳಬೇಕು. ಕೆಳದಿಯ ಅರಸರ ಹಗೆತನವು ಕೋಟೆ ಫಿರಂಗಿಗಳ ಮೇಲೆಯೇ ಹೊರತು ಮತದ ಮೇಲಾಗಿರಲಿಲ್ಲ. ಗೋವೆಯಿಂದ ವಲಸೆ ಬಂದ ಕೊಂಕಣಿ ಕ್ರೈಸ್ತ ಒಕ್ಕಲಿಗರಿಗೆ ಈ ಮನೆತನದವರು ತಮ್ಮ ಸೀಮೆಯಲ್ಲಿ ನೆಲೆಯನ್ನು ಕೊಟ್ಟರು. ಅವರು ಗದ್ದೆಗಳನ್ನು ಮಾಡಿ ನಾಡಿನ ಬೆಳೆಯನ್ನು ಹೆಚ್ಚಿಸಿದರು.

ಬಡಗಣ ಬಂದರುಗಳು ಕೈಸೇರಿದುದರಿಂದ ಮಾತ್ರ ಕರಾವಳಿಯು ನಿರ್ಭಯವಾಗಲಾರದು. ತೆಂಕಣದ ಬಾಗಿಲನ್ನೂ ಮುಚ್ಚಬೇಕು. ತುಳುನಾಡಿಗೂ ಮಲೆಯಾಳಕ್ಕೂ ಪಯಸ್ವಿನೀ ನದಿಯು ಹಿಂದಿನಿಂದಲೂ ಎಲ್ಲೆ. ಅದನ್ನೇ ಚಂದ್ರಗಿರಿ ಹೊಳೆಯೆಂದೂ ಕರೆಯುತ್ತಾರೆ. ಹೊಳೆಯ ಆಚೆಗೆ ಕೋಲತ್ತಿರಿ ಅರಸರ ಸೀಮೆ, ನೀಲೇಶ್ವರದ ಒಡೆಯರ ಸೀಮೆ. ನದಿಯನ್ನೇ ಗಡಿಯೆಂದು ನಂಬಿ ಈಚೆಯ ದಡದಲ್ಲಿ ಕುಳಿತರೆ, ಬೇಸಗೆಯಲ್ಲಿ ನೀರಿಳಿದಾಗ ಶತ್ರುವು ನಡೆದೇ ಬರಬಹುದು. ಆದುದರಿಂದ ನಾಯಕನು ಹೊಳೆಯ ತೆಂಕಣ ದಡದ ಗುಡ್ಡದ ಮೇಲೆ ಚಂದ್ರಗಿರಿಯ ಕೋಟೆಯನ್ನು ನಿಲ್ಲಿಸಿದನು. ಅದು ಚಿಕ್ಕದು, ಹೊಳೆಯ ಬಾಯನ್ನೂ ಕಡಲನ್ನೂ ಒಟ್ಟಿಗೆ ನೋಡಬಲ್ಲ ಕಣ್ಣು. ಅದಕ್ಕೂ ತೆಂಕಣಕ್ಕೆ ಮುಂದುವರಿದು, ಎದುರಾಳಿಯ ನೆಲದಲ್ಲಿಯೇ ಕಾಲೂರಿ ನಿಂತದ್ದು ಬೇಕಲ. ಇದನ್ನು ಕಟ್ಟಿಸಿದ ಕಾಲವನ್ನು ಸುಮಾರು ೧೬೫೦ ಎಂದು ಹೇಳುವುದು ರೂಢಿ. ದಕ್ಷಿಣ ಕನ್ನಡ ಜಿಲ್ಲೆಯ ಕೈಪಿಡಿಯನ್ನು ಬರೆದ ಸ್ಟರಕ್ ಮಹಾಶಯನೂ ಬೇಕಲ ಚಂದ್ರಗಿರಿಗಳೆರಡನ್ನೂ ಶಿವಪ್ಪನಾಯಕನ ಹೆಸರಿಗೇ ಬರೆದಿದ್ದಾನೆ. ಈ ಸ್ಥಳದಲ್ಲಿ ಕೋಲತ್ತಿರಿಗಳ ಹಳೆಯ ಕೋಟೆಯೊಂದು ಮೊದಲೇ ಇದ್ದಿತೆಂದೂ, ನಾಯಕನು ಅದನ್ನು ಹಿಡಿದು ಹೊಸದಾಗಿ ಕಟ್ಟಿಸಿದನೆಂದೂ ಹೇಳುವವರಿದ್ದಾರೆ. ಹಾಗಿದ್ದರೂ ಆತನ ಹಿರಿಮೆಗೆ ಕುಂದಿಲ್ಲ; ಈಗ ಕಾಣುವ ಭಾರಿ ಸ್ವರೂಪವು ನಾಯಕರ ಕಾಲದ್ದೆಂಬುದನ್ನು ಬಹುಮಂದಿ ಒಪ್ಪುತ್ತಾರೆ.

ಕೋಟೆಯ ರಚನೆಯನ್ನು ನೋಡಿದವರಿಗೆ ಕಟ್ಟಿಸಿದವನ ಬುದ್ಧಿಯು ತಿಳಿಯುತ್ತದೆ. ಕಗ್ಗಲ್ಲನ್ನು ದೂರದಿಂದ ತರಿಸಲಿಲ್ಲ. ಕಾಲ ಕೆಳಗೆ ಸಿಕ್ಕುವ ಮುರಕಲ್ಲನ್ನೇ ಕಡಿದು ಪೇರಿಸಲಾಗಿದೆ. ಈ ಕಲ್ಲು ನೆಲದಲ್ಲಿರುವಾಗ ಮೆದು, ಗಾಳಿಗೆ ಬಂದ ಮೇಲೆ ಗಟ್ಟಿ. ಹೆಬ್ಬಾಗಿಲು ನೇರವಾಗಿಲ್ಲ, ಒಳಹೊಕ್ಕವನು ತಿರುವುಗಳಲ್ಲಿ ಗೋಡೆಯ ಮೇಲಿನವರ ಕಣ್ಣಿಗೆ ಗುರಿಯಾಗದೆ ಮುಂದೆ ಹೋಗಲಾರನು. ಕಡಲಿಗೆ ಮುಖಮಾಡಿದ ಕೊತ್ತಲದ ಗೋಡೆಯಲ್ಲಿ ಕಂಡಿಗಳನ್ನು ಮೂರು ಬಗೆಯಾಗಿ ಕೊರೆದಿದ್ದಾರೆ. ಮೇಲಿನ ಕಂಡಿಗಳಿಂದ ದೂರದ ಹಡಗಿಗೆ ಗುರಿಯಿಡಬಹುದು. ಅದರ ಕೆಳಗಿನವುಗಳಿಂದ ಸಮೀಪಿಸಿದವನನ್ನು ಹೊಡೆಯಬಹುದು. ತೀರ ಕೆಳಗಿನವುಗಳಿಂದ ಗೋಡೆಯ ಬುಡಕ್ಕೇ ಬಂದವನನ್ನು ಎದುರಿಸಬಹುದು. ಒಳಗೆ ಮೆಟ್ಟಿಲುಗಳುಳ್ಳ ಕೆರೆ, ಮದ್ದಿನ ಮನೆ, ತೆಂಕಣಕ್ಕೆ ಬಾಯ್ದೆರೆದ ಸುರಂಗ ಇವೆಲ್ಲ ಇವೆ. ಉಪ್ಪುನೀರಿನ ನಡುವೆ ನಿಂತ ಕೋಟೆಗೆ ಸಿಹಿನೀರಿನ ಕೆರೆಯೇ ಪ್ರಾಣವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹೆಬ್ಬಾಗಿಲ ಬಳಿ ಮುಖ್ಯಪ್ರಾಣದೇವರ ಗುಡಿಯಿದೆ. ಅರಸನು ಇಷ್ಟಲಿಂಗನಿಷ್ಠನಾದರೂ ಕೋಟೆಯ ಬಾಗಿಲಲ್ಲಿ ದಂಡಿನವರ ಆರಾಧ್ಯನಾದ ಆಂಜನೇಯನು ನಿಂತಿರುವುದು ಗಮನಿಸತಕ್ಕ ಸಂಗತಿ.

ಗೋಡೆಯನ್ನು ಕಟ್ಟಿದರೆ ಸಾಲದು, ಅದನ್ನು ಕಾಯುವವರು ಬೇಕು. ಕೆಳದಿಯ ಅರಸರು ಕೋಟೆಗಳ ರಕ್ಷಣೆಗೆಂದು ಕರೆತಂದು ನೆಲೆಗೊಳಿಸಿದ ಕನ್ನಡ ಮಾತಿನ ಯೋಧರ ಕುಲದವರೇ ಇಂದು ಕಾಸರಗೋಡು, ಬೇಕಲ, ಹೊಸದುರ್ಗಗಳಲ್ಲಿರುವ ರಾಮಕ್ಷತ್ರಿಯರೆಂದು ಪರಂಪರೆಯು ಹೇಳುತ್ತದೆ. ಜನರು ಅವರನ್ನು ಕೋಟೆಯವರೆಂದೇ ಕರೆಯುವುದುಂಟು.

ಇನ್ನು ಎರಡನೆಯ ಪ್ರಶ್ನೆ. ದಂಡು, ಹಡಗು, ಫಿರಂಗಿ, ಕೋಟೆ ಇವೆಲ್ಲ ಹೊನ್ನನ್ನು ನುಂಗುವ ವಸ್ತುಗಳು. ದಂಡಯಾತ್ರೆಯ ಅರಸರು ಸಾಮಾನ್ಯವಾಗಿ ಒಕ್ಕಲನ್ನು ಹಿಂಡಿ ಬೊಕ್ಕಸವನ್ನು ತುಂಬಿಕೊಳ್ಳುವರು. ಈ ಪ್ರಲೋಭನವು ಶಿವಪ್ಪನಾಯಕನ ಎದುರಿಗೂ ಇದ್ದಿತು. ಆತನ ಹಿಂದಿನವರೇ ಅದಕ್ಕೆ ದಾರಿ ತೋರಿದ್ದರು. ೧೬೧೮ರ ಸುಮಾರಿಗೆ ಕರಾವಳಿಯ ಸೀಮೆಯ ಮೇಲೆ ಹಳೆಯ ಕಂದಾಯದ ಅರ್ಧದಷ್ಟನ್ನು ಹೆಚ್ಚಾಗಿ ಹೇರಿದ್ದರೆಂಬುದನ್ನು, ಕಂಪನಿಯ ಕಾಲದಲ್ಲಿ ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರನಾಗಿ ಬಂದ ಮನ್ರೋ ಹಳೆಯ ಲೆಕ್ಕಗಳಿಂದ ಕಂಡುಕೊಂಡನು. ಶಿವಪ್ಪನಾಯಕನು ಹಿಡಿದ ದಾರಿ ಬೇರೆ. ಎಷ್ಟು ಬೇಕು ಎಂದು ಕೇಳುವುದಕ್ಕೆ ಮೊದಲು ನೆಲವು ಎಷ್ಟು ಕೊಡಬಲ್ಲದು ಎಂದು ಆತನು ಕೇಳಿದನು. ಆ ಪ್ರಶ್ನೆಗೆ ಉತ್ತರವನ್ನು ಪಡೆಯುವುದಕ್ಕಾಗಿ ೧೨ ವರ್ಷ ಕಾದನು.

ಅದರ ಕ್ರಮವು ಹೀಗಿದ್ದಿತು. ಭೂಮಿಯನ್ನು ಅದರ ಸತ್ವಕ್ಕೆ ಅನುಸಾರವಾಗಿ ೫ ತರಗತಿಗಳನ್ನಾಗಿ ವಿಂಗಡಿಸಲಾಯಿತು. ಪ್ರತಿಯೊಂದು ಗ್ರಾಮದಲ್ಲಿಯೂ ಪ್ರತಿಯೊಂದು ತರಗತಿಯ ಒಂದು ಗದ್ದೆಯನ್ನು ಅರಮನೆಯ ಖರ್ಚಿನಿಂದಲೇ ೧೨ ವರ್ಷಗಳ ಕಾಲ ಸಾಗುವಳಿ ಮಾಡಿಸಲಾಯಿತು. ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಬೆಳೆಯೆಷ್ಟು, ಆ ವರ್ಷ ಪೇಟೆಯಲ್ಲಿ ಅದರ ಬೆಲೆಯೇನು ಎಂಬುದನ್ನು ವರ್ಷವರ್ಷವೂ ಬರೆದಿಟ್ಟರು. ಮಳೆ ಹೆಚ್ಚಾದ ವರ್ಷವೂ ಬಂದಿತು, ಕೈಕೊಟ್ಟ ವರ್ಷವೂ ಬಂದಿತು. ಬೆಲೆ ಏರಿದುದೂ ಉಂಟು, ಇಳಿದುದೂ ಉಂಟು. ಇವೆಲ್ಲವನ್ನೂ ಕೂಡಿಸಿ ಸರಾಸರಿ ತೆಗೆದು, ಆ ಹುಟ್ಟುವಳಿಯ ಮೂರನೆಯ ಒಂದು ಪಾಲನ್ನು ಅರಮನೆಯ ಸಲ್ಲಿಕೆಯೆಂದು ಗೊತ್ತುಪಡಿಸಿದರು. ಅಡಕೆಯ ತೋಟಗಳಿಗೆ ಮರಗಳ ಎಣಿಕೆಯ ಮೇಲೆ ಬೇರೆ ದರವಾಯಿತು. ೧೬೬೦ರ ವೇಳೆಗೆ ಈ ಕಾರ್ಯವು ಮುಗಿಯಿತು. ಇದೇ ಶಿವಪ್ಪನಾಯಕನ ಶಿಸ್ತು. ಶಿಸ್ತು ಎಂಬ ಪದವನ್ನು ಇಂದು ನಡೆನುಡಿಯ ಕಟ್ಟುನಿಟ್ಟಿಗೆ ಬಳಸುವವರು ಅದರ ಹಿಂದೆ ಗದ್ದೆಯ ಅಳತೆ, ಕಂದಾಯದ ಗೊತ್ತು ಎಂಬ ಅರ್ಥವೂ ಇದ್ದುದನ್ನು ಮರೆತಿರಬಹುದು.

ಈ ಲೆಕ್ಕಗಳನ್ನೆಲ್ಲ ಬರೆದಿಡುವ ಸಾಧನವು ಕಡತ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವರು. ಶಾನುಭಾಗನ ಮನೆಯ ಅಟ್ಟದ ಮೇಲೆ ಕುಳಿತ ಆ ಕಪ್ಪು ಕಡತವು ಬೇಕಲದ ಕೊತ್ತಲದಷ್ಟೇ ಬಲವಾದ ರಕ್ಷಣೆಯಾಗಿದ್ದಿತು. ಏಕೆಂದರೆ, ತನ್ನ ಗದ್ದೆಯ ಶಿಸ್ತು ಇಷ್ಟೇ ಎಂಬುದು ಒಕ್ಕಲಿಗನಿಗೂ ಗೊತ್ತು, ಶಾನುಭಾಗನಿಗೂ ಗೊತ್ತು. ನಡುವೆ ಬಂದ ಅಧಿಕಾರಿಯು ಅದಕ್ಕೂ ಮಿಗಿಲಾಗಿ ಕೇಳಿದರೆ ಅದು ಅನ್ಯಾಯವೆಂದು ಬೆರಳಿಟ್ಟು ತೋರಿಸಬಹುದು.

ಮೂರರಲ್ಲೊಂದು ಪಾಲು ಹಗುರವಾದ ಹೊರೆಯೆಂದು ಯಾರೂ ಹೇಳಲಾರರು. ಬೀಜ, ಎತ್ತು, ಆಳು ಎಲ್ಲವನ್ನೂ ಒಕ್ಕಲಿಗನೇ ಒದಗಿಸಿ, ಬಂದ ರಾಶಿಯಲ್ಲಿ ಮೂರನೆಯ ಒಂದನ್ನು ಅಳೆದುಕೊಡುವುದು ಕಷ್ಟವೇ. ಧರ್ಮಶಾಸ್ತ್ರಗಳು ಹೇಳುವ ಆರನೆಯ ಒಂದು ಪಾಲಿನ ಇಮ್ಮಡಿ ಅದು. ಮುರಕಲ್ಲಿನ ಪ್ರತಿಯೊಂದು ಸಾಲಿನ ಹಿಂದೆಯೂ ಯಾವನೋ ಒಬ್ಬ ಒಕ್ಕಲಿಗನ ಪಾಲು ಸೇರಿದೆ ಎಂಬುದನ್ನು ಕೋಟೆಯ ಸೊಬಗನ್ನು ಹೊಗಳುವವರು ಮರೆಯಬಾರದು. ಆದರೂ ಜನರು ಈ ಅರಸನ ಶಿಸ್ತನ್ನು ಶಪಿಸದೆ ಕೊಂಡಾಡಿದರು. ಅದಕ್ಕೆ ಕಾರಣವೇನೆಂದು ವಿಚಾರಿಸಿದರೆ, ಪಾಲಿನ ಪ್ರಮಾಣಕ್ಕಿಂತ ಅದರ ನಿಶ್ಚಯವೇ ಎಂದು ತೋರುತ್ತದೆ. ಮಳೆಗೆ ಹೆದರಬೇಕು, ಹುಲಿಗೆ ಹೆದರಬೇಕು. ಅರಮನೆಯ ಮನಸ್ಸು ನಾಳೆ ಹೇಗೆ ತಿರುಗುವುದೋ ಎಂಬ ಹೆದರಿಕೆಯಾದರೂ ತಪ್ಪಿತು. ಚೆನ್ನಾಗಿ ದುಡಿದು ಸರಾಸರಿಗಿಂತ ಹೆಚ್ಚು ಬೆಳೆದರೆ ಆ ಹೆಚ್ಚಳವು ಕಾಯಕ ಮಾಡಿದವನದೇ. ಬಿಜ್ಜಳನ ಭಂಡಾರದ ಲೆಕ್ಕವನ್ನು ಕೈಯಲ್ಲಿಟ್ಟುಕೊಂಡೂ ಕಲೆ ಹತ್ತದಂತೆ ನಡೆದ ಬಸವಣ್ಣನವರನ್ನು ಗುರುವೆಂದು ನೆನೆಯುವ ಪರಂಪರೆಯಲ್ಲಿ, ಲೆಕ್ಕದ ಶುದ್ಧಿಯೂ ಒಂದು ಶಿವಾಚಾರವೆಂದು ಈ ಅರಸನು ತಿಳಿದಿದ್ದರೆ ಆಶ್ಚರ್ಯವಿಲ್ಲ.

ಈ ಗೊತ್ತು ಆತನ ತರುವಾಯವೂ ಉಳಿಯಿತು. ಮುಂದೆ ಚೆನ್ನಮ್ಮಾಜಿಯ ಕಾಲದಲ್ಲಿ ದಾಸೋಹದ ವೆಚ್ಚಕ್ಕೆಂದು ಶಿಸ್ತಿನ ಮೇಲೆ ಅಲ್ಪವಾದ ಹೆಚ್ಚಳವನ್ನು ಸೇರಿಸಿದರೆಂದೂ, ಬಳಿಕ ಮೊಗಲರ ದಾಳಿಯ ಭಯದಿಂದ ಇನ್ನಷ್ಟು ಸೇರಿತೆಂದೂ ಮೈಸೂರು ಗ್ಯಾಸೆಟಿಯರಿನಿಂದ ತಿಳಿಯುತ್ತದೆ. ಮೂಲದ ಶಿಸ್ತನ್ನು ಮಾತ್ರ ಅವರಾರೂ ಕದಲಿಸಲಿಲ್ಲ.

ರಾಜಧಾನಿಯ ಬೆಳವಣಿಗೆಯನ್ನೂ ಇಲ್ಲಿ ಹೇಳಬೇಕು. ಸೋತು ಓಡಿಬಂದವರ ಆಶ್ರಯವಾಗಿದ್ದ ಬಿದಿರುಹಳ್ಳಿಯು ಶಿವಪ್ಪನಾಯಕನ ಆಳಿಕೆಯಲ್ಲಿ ದೊಡ್ಡ ಪಟ್ಟಣವಾಯಿತು. ವರ್ತಕರೂ ಕುಶಲಕರ್ಮಿಗಳೂ ಬಂದು ನೆಲೆಸಿದರು. ಲಕ್ಷ ಮನೆಗಳಾದರೆ ನಗರವೆಂಬ ಹೆಸರಿಗೆ ಅರ್ಹವಾಗುವುದೆಂಬ ಮಾತು ಹುಟ್ಟಿದ್ದು ಆ ಊರಿನ ಬಗ್ಗೆಯೇ. ಇಂದಿಗೂ ಅದು ನಗರವೆಂದೇ ಕರೆಯಿಸಿಕೊಳ್ಳುತ್ತಿದೆ. ಶಿವನೂ ಪಾರ್ವತಿಯೂ ಕುಳಿತಿರುವ, ಹಿಂಬದಿಯಲ್ಲಿ ಶ್ರೀ ಸದಾಶಿವ ಎಂಬ ಅಕ್ಷರಗಳುಳ್ಳ ಕೆಳದಿಯ ವರಹವು ಕರಾವಳಿಯ ಪೇಟೆಗಳಲ್ಲೆಲ್ಲ ನಡೆಯಿತು. ಅರಸರ ಬಿರುದಾವಳಿಯಲ್ಲಿ ಶಿವಗುರುಭಕ್ತಿಪರಾಯಣನೆಂಬುದೂ ಇದೆ, ವಿಶುದ್ಧ ವೈದಿಕಾದ್ವೈತ ಸಿದ್ಧಾಂತ ಪ್ರತಿಷ್ಠಾಪಕನೆಂಬುದೂ ಇದೆ. ಜಂಗಮರಿಗೆ ಮಠಗಳನ್ನು ಕಟ್ಟಿಸಿಕೊಟ್ಟ ಕೈಯೇ ಶೃಂಗೇರಿಯ ಪೀಠಕ್ಕೂ ಭೂಮಿಯನ್ನು ಬಿಟ್ಟುಕೊಟ್ಟಿತು. ಘಟ್ಟದ ಕೆಳಗೆ ವೀರಶೈವ ಮಠಗಳು ಕಾಣಿಸಿಕೊಂಡದ್ದು ಬಹುಮಟ್ಟಿಗೆ ಈ ಮನೆತನದ ಕಾಲದಲ್ಲಿಯೇ. ಶಿವಮೊಗ್ಗೆಯಲ್ಲಿ ಶಿವಪ್ಪನಾಯಕನ ಅರಮನೆಯೆಂದು ಜನರು ತೋರಿಸುವ ಮರದ ಕಂಬಗಳ ಕಟ್ಟಡವು ಮಾತ್ರ ಆತನದಲ್ಲ. ಅದು ಹೈದರಾಲಿಯ ಕಾಲದ್ದೆಂದು ಬಲ್ಲವರ ಮತ. ಆ ಹೆಸರು ಜನರ ನಾಲಗೆಯಲ್ಲಿ ಎಷ್ಟು ಗಟ್ಟಿಯಾಗಿ ನಿಂತಿದೆಯೆಂದರೆ, ಒಳ್ಳೆಯ ಹಳೆಯ ಕಟ್ಟಡವೊಂದು ಕಂಡರೆ ಸಾಕು, ಅದು ಆತನದಾಗಿಬಿಡುತ್ತದೆ.

ಆತನ ಕೈಗೊಂಡ ಕಾರ್ಯಗಳೆಲ್ಲ ಫಲಿಸಿದವೆಂದು ಹೇಳುವುದು ಸತ್ಯಕ್ಕೆ ದೂರ. ವಿಜಯನಗರದ ಕೊನೆಯ ರಾಯನಾದ ಶ್ರೀರಂಗರಾಯನು ರಾಜ್ಯಭ್ರಷ್ಟನಾಗಿ ಅಲೆಯುತ್ತ ಬಂದಾಗ, ಒಂದು ಕಾಲದಲ್ಲಿ ತನ್ನ ಹಿರಿಯರು ಸೇವೆಮಾಡಿದ ಮನೆತನದವನೆಂಬ ಕೃತಜ್ಞತೆಯಿಂದ ಶಿವಪ್ಪನಾಯಕನು ಆತನಿಗೆ ಆಶ್ರಯವಿತ್ತನು. ಬೇಲೂರು ಸಕ್ಕರೆಪಟ್ಟಣಗಳ ಸೀಮೆಯಲ್ಲಿ ಆತನನ್ನು ನೆಲೆಗೊಳಿಸಿದನು. ಆ ರಾಯನ ಪರವಾಗಿಯೇ ೧೬೫೯ರ ಸುಮಾರಿಗೆ ಶ್ರೀರಂಗಪಟ್ಟಣವನ್ನು ಮುತ್ತಿದನು. ಕಾವೇರಿಯ ನಡುಗಡ್ಡೆಯ ಆ ಕೋಟೆಯು ವಶವಾಗಲಿಲ್ಲ. ಕೆಳದಿಯ ದಂಡು ಹಿಂದಿರುಗಬೇಕಾಯಿತು. ಬೇರೊಬ್ಬರ ನೀರುಕೋಟೆಯು ತನ್ನನ್ನು ತಡೆದಾಗ, ಕೋಟೆ ಕಟ್ಟುವವನಿಗೆ ಅದರ ಬಲವು ಎರಡು ಸಲ ತಿಳಿಯಿತೆನ್ನಬಹುದು. ರಾಯನ ಸಾಮ್ರಾಜ್ಯವು ಮರಳಿ ಚಿಗುರಲಿಲ್ಲ.

೧೬೬೦ರಲ್ಲಿ ಶಿವಪ್ಪನಾಯಕನು ಲಿಂಗೈಕ್ಯನಾದನು. ತಮ್ಮನಾದ ವೆಂಕಟಪ್ಪನಾಯಕನೂ ಅನಂತರ ಭದ್ರಪ್ಪನಾಯಕನೂ ಸ್ವಲ್ಪ ಸ್ವಲ್ಪ ಕಾಲ ಆಳಿದರು. ೧೬೬೪ರಲ್ಲಿ ಪಟ್ಟಕ್ಕೆ ಬಂದ ಸೋಮಶೇಖರನಾಯಕನ ಬಳಿಕ, ಆತನ ಪತ್ನಿ ಚೆನ್ನಮ್ಮಾಜಿಯು ೧೬೭೨ರಿಂದ ಸುಮಾರು ೨೫ ವರ್ಷ ರಾಜ್ಯವನ್ನು ಕಾಪಾಡಿದಳು. ಆಕೆಯ ದತ್ತುಪುತ್ರನಾದ ಬಸವಪ್ಪನಾಯಕನು ಶಿವತತ್ತ್ವರತ್ನಾಕರವೆಂಬ ಸಂಸ್ಕೃತದ ಮಹಾಕೋಶವನ್ನು ರಚಿಸಿದನು. ಲಿಂಗಣ್ಣಕವಿಯ ಕೆಳದಿನೃಪವಿಜಯವು ಈ ವಂಶದ ಕತೆಯನ್ನು ಕನ್ನಡದಲ್ಲಿ ಹೇಳುತ್ತದೆ. ಬೇಕಲದಾಚೆಗೆ ಕಾಞಂಗಾಡಿನ ಬಳಿಯ ಹೊಸದುರ್ಗವೂ ಸೋಮಶೇಖರನಾಯಕನೆಂಬ ಕೆಳದಿಯ ಅರಸನ ಹೆಸರಿನೊಡನೆಯೇ ಸೇರಿಕೊಂಡಿದೆ.

೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ರಾಣಿ ವೀರಮ್ಮಾಜಿಯು ಸೆರೆಯಾದಳು. ಘಟ್ಟದ ಮೇಲಿನ ರಾಜಧಾನಿ ಬಿದ್ದ ಮೇಲೆ ಕೆಳಗಿನ ಕಡಲಕೋಟೆಗಳೂ ಕೈಬದಲಾದವು. ಬೇಕಲವು ಹೈದರನ, ಬಳಿಕ ಟಿಪ್ಪುವಿನ ದಂಡಿನ ಠಾಣ್ಯವಾಯಿತು. ಕೋಟೆಯ ನಡುವೆ ಎತ್ತರವಾಗಿ ನಿಂತಿರುವ ನೋಟದ ಬುರುಜನ್ನು ಟಿಪ್ಪುವಿನ ಕಾಲದ್ದೆನ್ನುತ್ತಾರೆ. ೧೭೯೯ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕೋಟೆಯು ಕಂಪನಿಯ ಪಾಲಾಯಿತು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಲೆಯಾಳದಿಂದ ಕನ್ನಡ ಜಿಲ್ಲೆಗೆ ಬರುತ್ತ ಬೇಕಲದ ಮೂಲಕ ಹಾದುಹೋದನು; ಅಲ್ಲಿಂದ ಘಟ್ಟವನ್ನು ಹತ್ತಿ ನಗರಕ್ಕೆ ಬಂದು ಶಿವಪ್ಪನಾಯಕನ ಶಿಸ್ತಿನ ವಿವರಗಳನ್ನು ಕೇಳಿ ಬರೆದುಕೊಂಡನು. ಆತನು ಬರುವ ವೇಳೆಗೆ ಶಿಸ್ತನ್ನು ಗೊತ್ತುಮಾಡಿ ೧೪೦ ವರ್ಷಗಳು ಸಂದಿದ್ದವು. ಕೆಳದಿಯ ರಾಜ್ಯವೇ ಅಳಿದು ೩೮ ವರ್ಷಗಳಾಗಿದ್ದವು. ಗದ್ದೆಯ ಮಾತು ಬಂದರೆ ನಗರದ ಜನರು ಇನ್ನೂ ಆ ಹೆಸರನ್ನೇ ಹೇಳುತ್ತಿದ್ದರು.

ಕಂಪನಿಯವರು ಬೇಕಲವನ್ನು ತಾಲ್ಲೂಕಿನ ಕೇಂದ್ರವನ್ನಾಗಿ ಮಾಡಿಕೊಂಡರು. ೧೮೬೨ರ ಸುಮಾರಿಗೆ ಆ ಗೌರವವು ಕಾಸರಗೋಡಿಗೆ ಹೋಯಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ೧೯೮೪ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಊರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡಿದ್ದ ಬೇಕಲ ರಾಮನಾಯಕರು ಆ ತೆಂಕನಾಡಿನ ಐತಿಹ್ಯಗಳನ್ನು ಕನ್ನಡದಲ್ಲಿ ಬರೆದಿಟ್ಟರು. ಪುರಾತತ್ವ ಇಲಾಖೆಯವರು ೧೯೯೭ರಿಂದ ೨೦೦೧ರವರೆಗೆ ಕೋಟೆಯೊಳಗೆ ಅಗೆಯಿಸಿದಾಗ ಇಕ್ಕೇರಿಯ ನಾಯಕರ ಕಾಲದ ಕಟ್ಟಡಗಳ ತಳಪಾಯಗಳು ಮಣ್ಣಿನಿಂದ ಹೊರಬಂದವು; ಅರಮನೆಯ ನೆಲೆಯೂ ನಾಣ್ಯದ ಟಂಕಸಾಲೆಯ ಗುರುತೂ ಅವುಗಳಲ್ಲಿದ್ದವು. ಹೆಬ್ಬಾಗಿಲ ಮುಖ್ಯಪ್ರಾಣನಿಗೆ ಇಂದಿಗೂ ಪೂಜೆ ನಡೆಯುತ್ತಿದೆ. ಕೋಟೆಯ ನೆರಳಿನಲ್ಲಿ ನೆಲೆನಿಂತವರ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು.